ಎಣ್ಣೆ ಬಾಟಲಿಗಳ ಶೆಲ್ಫಿಗೆ ಲೈಟು

ಸೊಸೆಗೆ ನಾನು ಹೇಳಿದ ಸುಳ್ಳು ಇಷ್ಟೇ: "ಎಣ್ಣೆ ಶೆಲ್ಫಿನ ಆ ಮೂಲೆಯಲ್ಲಿ ಕತ್ತಲೆ ಮಾರಾಯ್ತಿ, ಅದಕ್ಕೆ ತಡಕಾಡುವುದು." ದೀಕ್ಷಿತಾ ಅದನ್ನು ನಂಬಿಬಿಟ್ಟಳು. ನಂಬಿದ್ದೇ ಎಡವಟ್ಟಾಯಿತು. ಶನಿವಾರ ಶಾಲೆ ಬಿಟ್ಟು ಬರುವಾಗ ಮೂಡಬಿದ್ರಿ ಪೇಟೆಯಿಂದ ಎಲ್‌ಇಡಿ ಪಟ್ಟಿಗಳ ಪೊಟ್ಟಣ ಹಿಡಿದುಕೊಂಡೇ ಬಂದಳು.

"ಮೊಳೆ ಬೇಡ, ವಯರ್ ಬೇಡ ಮಾಮಿ. ಹಿಂದಿನ ಕಾಗದ ಕಿತ್ತು ಅಂಟಿಸಿದರೆ ಆಯಿತು. ನೀವು ಹತ್ತಿರ ಹೋದರೆ ಸಾಕು, ಅದೇ ಹೊತ್ತಿಕೊಳ್ತದೆ."

ಒಳ್ಳೆಯದಾಯಿತು ಮಗಾ ಎಂದೆ. ಕತ್ತಲೆ ಇದ್ದದ್ದು ಮೂಲೆಯಲ್ಲಲ್ಲ, ನನ್ನ ಕಣ್ಣಿನಲ್ಲಿ. ಮಳೆಗಾಲದಿಂದೀಚೆಗೆ ಮನುಷ್ಯರ ಮುಖ ಕಾಣುವುದಿಲ್ಲ, ಆಕಾರ ಮಾತ್ರ. ಬಂದವರನ್ನು ದನಿಯಿಂದ ಗುರುತಿಸಿ ಮಾತನಾಡಿಸುತ್ತೇನೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಪ್ರಾಪ್ತಿಯನ್ನು ಕರೆದುಕೊಂಡು ಹೋಗುತ್ತಾರೆ.

ಪ್ರಾಪ್ತಿ ನನ್ನ ಮೊಮ್ಮಗಳು, ಈಗಷ್ಟೇ ಕೂರಲು ಕಲಿತಿದ್ದಾಳೆ. ಮಗ ಅಶ್ವಿತ್ ಮಸ್ಕತ್ತಿನ ಹೋಟೆಲಿನಲ್ಲಿದ್ದಾನೆ. ಸೊಸೆ ಟೀಚರು. ಅವಳು ಬೆಳಿಗ್ಗೆ ಪುತ್ತಿಗೆಯಿಂದ ಬಸ್ಸು ಹತ್ತಿದರೆ ಸಂಜೆ ಬರುವವರೆಗೂ ಮಗು ನನ್ನದು. ಗುರುವಾಯನಕೆರೆಯಲ್ಲಿ ಅವಳ ತಾಯಿ ಪದ್ಮಾಕ್ಷಿ ಕೆಲಸದಿಂದ ನಿವೃತ್ತಿಯಾಗಿ ಕೂತಿದ್ದಾಳೆ. ಅವಳ ಕಣ್ಣು ಗಿಡುಗನದ್ದು. ಫೋನ್ ಮಾಡಿದಾಗಲೆಲ್ಲ ನನ್ನ ಹೆಸರೆತ್ತಿ ಒಂದೇ ಮಾತು: "ಕಾಂತಿ ಅಕ್ಕನಿಗೆ ಕಷ್ಟ ಆಗುವುದಾದರೆ ಮಗುವನ್ನು ಇಲ್ಲಿ ಬಿಡಿ." ಆ 'ಆಗುವುದಾದರೆ' ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ನಾನು ಅಜಾಗರೂಕಳೇನೂ ಅಲ್ಲ. ಮಗುವನ್ನೆತ್ತಿಕೊಂಡು ಅಂಗಳದ ಮೆಟ್ಟಿಲಿಳಿಯುವುದನ್ನು ಬಿಟ್ಟಿದ್ದೆ. ಅವಳು ಚಾಪೆಯಲ್ಲಿದ್ದರೆ ಕಾಲಿಗೆ ಗೆಜ್ಜೆ ಕಟ್ಟಿಯೇ ಇರಬೇಕು, ಸದ್ದು ನಿಂತರೆ ಹುಡುಕಲು. ಗೆಜ್ಜೆಯ ಸದ್ದು ನಿಂತ ಪ್ರತಿ ಸಲವೂ ತಡಕಾಡುತ್ತ ಚಾಪೆಯ ಹತ್ತಿರ ಹೋಗುತ್ತಿದ್ದೆ. ಹೆಚ್ಚಿನ ಸಲ ಅವಳು ನಿದ್ದೆ ಹೋಗಿರುತ್ತಿದ್ದಳು.

ಭಾನುವಾರ ಬೆಳಿಗ್ಗೆ ದೀಕ್ಷಿತಾ ಕೆಲಸಕ್ಕೆ ಇಳಿದಳು. ಊಟದ ಕೋಣೆಯ ಶೆಲ್ಫಿನಲ್ಲಿದ್ದುದನ್ನೆಲ್ಲ ಕೆಳಗಿಟ್ಟಳು. ಹಲಗೆಗಳಲ್ಲಿ ಎಣ್ಣೆಯ ಜಿಡ್ಡಿದ್ದರೆ ಪಟ್ಟಿ ಹಿಡಿಯುವುದಿಲ್ಲವಂತೆ, ಸಾಬೂನು ನೀರಿನಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿದಳು. ಆಮೇಲೆ ಪ್ರತಿ ಹಲಗೆಯ ಅಡಿಗೆ, ಮುಂದಿನ ಅಂಚಿನ ಹತ್ತಿರ, ಒಂದೊಂದು ಪಟ್ಟಿ ಅಂಟಿಸಿ ಗಟ್ಟಿಯಾಗಿ ಒತ್ತಿ ಹಿಡಿದಳು. ಚಂದ ಕೆಲಸ, ಬೇಗನೇ ಮುಗಿಯಿತು. ಬಾಟಲಿಗಳನ್ನು ಮೇಲಿಡುವ ಟಕ್ ಟಕ್ ಸದ್ದು ಕೇಳುವಾಗ ಮಾತ್ರ ನಾನು ಕಿವಿ ನೆಟ್ಟಗೆ ಮಾಡಿದೆ.

ಮಕ್ಕಳು ಗಲ್ಫಿನಲ್ಲಿರುವ ಮನೆಗಳ ಕತೆಯೇ ಹೀಗೆ. ಅಶ್ವಿತ್ ರಜೆಗೆ ಬರುವಾಗಲೆಲ್ಲ ಆಲಿವ್ ಎಣ್ಣೆ ತರುತ್ತಾನೆ, ಖಾಲಿ ಬಾಟಲಿ ಬಿಸಾಡಲು ನಮಗೆ ಮನಸ್ಸು ಬರುವುದಿಲ್ಲ. ಒಗ್ಗರಣೆಯ ತೆಂಗಿನೆಣ್ಣೆ, ಮಗುವಿಗೆ ಕಾಯಿಸಿದ ಎಣ್ಣೆ, ಶಿಶುಗಳಿಗೆ ತಾಗಿಸಲೇಬಾರದ ನನ್ನ ಮೊಣಕಾಲಿನ ಕರ್ಪೂರದ ತೈಲ, ಎಲ್ಲವೂ ಒಂದೇ ನಮೂನೆಯ ಬಾಟಲಿಯಲ್ಲಿ. ನಾನು ಗುರುತಿಸುತ್ತಿದ್ದದ್ದು ಜಾಗದಿಂದ. ಮಗುವಿನ ಎಣ್ಣೆ ಎಡಗಡೆಯ ಕೊನೆಯದು. ಜಾಗ ತಪ್ಪಿದೆಯೇ ಎಂದು ಕೇಳಲು ಬಾಯಿ ತೆರೆದೆ, ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು ಮುಚ್ಚಿದೆ. ಸಂಜೆ ಒಬ್ಬಳೇ ಇರುವಾಗ ಮುಚ್ಚಳ ತೆಗೆದು ಮೂಸಿ ನೋಡಿದರಾಯಿತು ಎಂದುಕೊಂಡೆ.

ಮಗುವಿನ ಸ್ನಾನ ಸಂಜೆಯವರೆಗೆ ಕಾಯುತ್ತದೆಯೇ? ಮಗುವನ್ನು ಮೀಯಿಸುವ ಹೊತ್ತಾಯಿತು, ನೀರು ಕಾದಿತ್ತು. ದೀಕ್ಷಿತಾ ಮಗುವನ್ನು ಚಾಪೆಯಲ್ಲಿ ಮಲಗಿಸಿ ಒಲೆಯ ಮುಂದೆ ಒಣಮೀನು ಸುಡಲು ಹೋದಳು. ಮನೆ ತುಂಬ ಅದರದ್ದೇ ಘಾಟು, ಬಾಟಲಿ ಮೂಸಿದರೂ ಬೇರೆ ವಾಸನೆ ಹತ್ತುವಂತಿರಲಿಲ್ಲ. ನಾನು ಶೆಲ್ಫಿನ ಹತ್ತಿರ ಹೋದೆನೋ ಇಲ್ಲವೋ, ಲೈಟು ಹೊತ್ತಿಕೊಂಡಿತು. ನೀರಿಗೆ ಸುಣ್ಣ ಕದಡಿದ ಹಾಗೆ ಕಣ್ಣೆಲ್ಲ ಬೆಳ್ಳಗಾಯಿತು. ಮೊದಲು ಅಷ್ಟಿಷ್ಟು ಕಾಣುತ್ತಿದ್ದ ಬಾಟಲಿಗಳೂ ಕಾಣದಾದವು. ಹಳೆಯ ಜಾಗವನ್ನೇ ನಂಬಿ ಎಡಗಡೆಯ ಕೊನೆಯದನ್ನು ತೆಗೆದುಕೊಂಡು ಬಂದೆ.

ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆ. ಎಣ್ಣೆ ಮೊದಲು ನೆತ್ತಿಗೆ. ಅಂಗೈಗೆ ಸುರಿದು ಎರಡೂ ಕೈ ಉಜ್ಜಿದೆ. ಉಜ್ಜಿದರೆ ಅಂಗೈ ಬಿಸಿಯಾಗಬೇಕು. ತಣ್ಣಗಾಗುತ್ತ ಬಂತು. ಕೈ ಮಗುವಿನ ನೆತ್ತಿಯ ಹತ್ತಿರವೇ ಇತ್ತು, ಅವಳ ಮೆತ್ತನೆಯ ಕೂದಲು ಬೆರಳ ತುದಿಗೆ ತಾಗುತ್ತಿತ್ತು. ಆಗ ಮೀನಿನ ಘಾಟಿನ ನಡುವೆ ಕರ್ಪೂರದ ವಾಸನೆ ಮೂಗಿಗೆ ಬಡಿಯಿತು.

ಕೈಯನ್ನು ಸೀರೆಗೆ ಒರೆಸಿಕೊಂಡೆ. ಮತ್ತೆ ಒರೆಸಿದೆ. ಬೇಗ ಏನಾದರೂ ಹೇಳದಿದ್ದರೆ ಅತ್ತುಬಿಡುತ್ತೇನೆ ಅನಿಸಿತು, ಅದಕ್ಕೆ ಬೈದೆ.

"ದೀಕ್ಷಿತಾ! ಬಾಟಲಿಗಳನ್ನೆಲ್ಲ ಯಾಕೆ ಆಚೀಚೆ ಮಾಡಿ ಇಟ್ಟದ್ದು? ಮಗುವಿನ ತಲೆಗೆ ಕರ್ಪೂರದ ತೈಲ ಬೀಳ್ತಿತ್ತು, ಗೊತ್ತುಂಟಾ?"

ಅವಳು ಓಡಿ ಬಂದಳು. ಮಗುವಿನ ತಲೆ ಮುಟ್ಟಿ, ಮೂಸಿ ನೋಡಿದಳು. "ಅಯ್ಯೋ, ತಪ್ಪಾಯ್ತು ಮಾಮಿ," ಎಂದಳು. ನನಗೆ ಒಂದು ಕ್ಷಣ ಉಸಿರು ಬಂತು. ಆಮೇಲೆ ಅವಳು ಬಾಟಲಿಯನ್ನು ಎತ್ತಿಕೊಂಡಳು.

"ಆದರೆ ಮಾಮಿ, ನಾನು ಎಲ್ಲದಕ್ಕೂ ಚೀಟಿ ಅಂಟಿಸಿದ್ದೇನಲ್ಲ? ಕೆಂಪು ಬಣ್ಣದಲ್ಲಿ, ಇಷ್ಟು ದೊಡ್ಡ ಅಕ್ಷರ."

ನಾನು ಸೆರಗಿಗೆ ಕೈ ಒರೆಸುತ್ತಲೇ ಇದ್ದೆ.

"ಇದನ್ನು ಓದಿ ನೋಡುವ, ಮಾಮಿ."

ಬಾಟಲಿ ನನ್ನ ಮುಖದ ಮುಂದೆಯೇ ಇತ್ತೆಂದು ಕಾಣುತ್ತದೆ. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. "ಕಾಣುವುದಿಲ್ಲ ಮಗಾ," ಎಂದೆ. "ಚೀಟಿಯೂ ಕಾಣುವುದಿಲ್ಲ, ನಿನ್ನ ಮುಖವೂ ಕಾಣುವುದಿಲ್ಲ."

"ಯಾವಾಗಿನಿಂದ?"

"ಮಳೆಗಾಲದಿಂದ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಗ್ಗಿ ಮಗುವನ್ನು ನನ್ನ ಕಾಲ ಮೇಲಿಂದ ಎತ್ತಿಕೊಂಡು ಒಳಗೆ ಹೋದಳು. ಕಾಲು ಹಗುರವಾಯಿತು, ಆ ಹಗುರವನ್ನು ನನ್ನಿಂದ ಸಹಿಸಲಾಗಲಿಲ್ಲ. ಒಲೆಯ ಮೇಲೆ ಮೀನು ಕರಟಿ ಹೋಗುತ್ತಿತ್ತು. ಗೋಡೆ ಹಿಡಿದುಕೊಂಡು ಹೋಗಿ ಗ್ಯಾಸು ಬಂದ್ ಮಾಡಿದೆ.

ಒಳಗಿನಿಂದ ಫೋನಿನ ಮಾತು ಕೇಳುತ್ತಿತ್ತು. "ಹೌದಮ್ಮ, ಇವತ್ತೇ... ಇಲ್ಲ, ಮಾಮಿಯನ್ನು ನಾಳೆ ಕಣ್ಣಿನ ಡಾಕ್ಟರಲ್ಲಿಗೆ ಕರ್ಕೊಂಡು ಹೋಗ್ತೇನೆ... ಪೊರೆ ಇದ್ದು ಆಪರೇಶನ್ ಅಂದ್ರೆ ಸ್ವಲ್ಪ ಸಮಯ ಬೇಕಲ್ಲ, ಅಲ್ಲಿಯವರೆಗೆ ಮಗು ನಿಮ್ಮಲ್ಲೇ ಇರಲಿ." ಬ್ಯಾಗಿನ ಜಿಪ್ಪು ಎಳೆದ ಸದ್ದು. ಪ್ರಾಪ್ತಿ ಗೆಜ್ಜೆ ಆಡಿಸುತ್ತಿದ್ದಳು.

ಅವಳು ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು. ಅವಳ ಜಾಗದಲ್ಲಿ ನಾನಿದ್ದರೆ ಮಗುವನ್ನು ಇನ್ನೂ ಬೇಗ ಎತ್ತಿಕೊಳ್ಳುತ್ತಿದ್ದೆ. ಆದರೂ ಗೆಜ್ಜೆಯಿಲ್ಲದ ಈ ಮನೆಯಲ್ಲಿ ನಾನು ಏನನ್ನು ಕೇಳುತ್ತ ಕೂರಲಿ?

ನಮ್ಮ ಕಡೆ ಮಗನನ್ನು ಹೆತ್ತವಳು ಸೊಸೆಯ ತವರಿಗೆ ಹೋದರೆ ಊಟ ಮಾಡಿ ಹೊತ್ತು ಮುಳುಗುವ ಮೊದಲು ಹೊರಟುಬಿಡಬೇಕು. ಅಲ್ಲಿ ಬಿಡಾರ ಹೂಡಿದಳೆಂದರೆ ಊರಿಗೆಲ್ಲ ಆಡಿಕೊಳ್ಳಲು ಒಂದು ವಿಷಯ. ಪದ್ಮಾಕ್ಷಿಯ ಮನೆಯಲ್ಲಿ ನಾನು ಇವತ್ತಿನವರೆಗೆ ಚಾಪೆ ಹಾಸಿಸಿಕೊಂಡವಳಲ್ಲ.

ಬಾಗಿಲ ಹತ್ತಿರ ಹೋಗಿ ನಿಂತೆ.

"ನಿನ್ನ ಅಮ್ಮನತ್ರ ಕೇಳು ಮಗಾ, ನನಗೂ ಅಲ್ಲಿ ಮಲಗಲಿಕ್ಕೆ ಜಾಗ ಉಂಟಾ ಅಂತ."

"ಮಾಮಿ, ನೀವಾ? ಅಲ್ಲಿಯಾ? ಜನ ಏನು ಹೇಳಿಯಾರು?"

"ಹೇಳಲಿ," ಎಂದೆ. "ಹೇಳುವವರ ಮುಖ ನನಗೆ ಹೇಗೂ ಕಾಣುವುದಿಲ್ಲ. ಮಗುವಿನ ಬ್ಯಾಗಿನಲ್ಲಿ ನನ್ನ ಎರಡು ಸೀರೆಗೆ ಜಾಗ ಮಾಡು."