ಗ್ಯಾಲ್ಸನ್ ಮಾವನ ಬಟ್ಟಲು

ನನ್ನ ಟ್ಯಾಕ್ಸಿ ಹತ್ತುವವರಿಗೆಲ್ಲ ನಾನು ಹೇಳುವುದು ಇಷ್ಟೇ. ಲೇಹ್‌ನಲ್ಲಿ ಇಳಿದ ಮೇಲೆ ತೆಳು ಗಾಳಿಗೆ ಮೈ ಒಗ್ಗುವವರೆಗೆ ಎರಡು ದಿನ ಸುಮ್ಮನೆ ಬಿದ್ದುಕೊಳ್ಳಿ, ನೀರು ಕುಡಿಯಿರಿ, ನಮ್ಮ ಬಾರ್ಲಿ ಹೆಂಡ ಛಾಂಗ್ ಮುಟ್ಟಬೇಡಿ, ಆಮೇಲೆ ಚಾಂಗ್ ಲಾ ಘಟ್ಟದ ಮಾತು. ಕೇಳದವರನ್ನು ನಾನು ಹತ್ತಿಸುವುದೇ ಇಲ್ಲ.

ನನ್ನ ಸೋದರಮಾವ ಗ್ಯಾಲ್ಸನ್‌ಗೆ ಮಾತ್ರ ಇದು ಹಿಡಿಸಲಿಲ್ಲ. ಅವನು ಹುಟ್ಟಿದ್ದು ಘಟ್ಟದಾಚೆಯ ತಾಂಗ್ಸೆಯಲ್ಲಿ. ಆದರೆ ಎಷ್ಟೋ ವರ್ಷದಿಂದ ಗೋವಾದ ಕಡಲ ದಂಡೆಯಲ್ಲಿ ಸರ, ಹರಳು ಮಾರಿಕೊಂಡಿದ್ದಾನೆ. ಈಗ ತಾಂಗ್ಸೆಯ ಮನೆಯಲ್ಲಿ ನಡೆಯುವ ನನ್ನ ತಂಗಿ ಚೋರೋಲ್ ಮದುವೆಗೆಂದು ಬಂದಿದ್ದ. ಗಂಡಿನ ಕಡೆಯವರು ಲೇಹ್ ಕಡೆಯಿಂದ ಬಂದು ಹುಡುಗಿಯನ್ನು ಕರೆದೊಯ್ಯುವಾಗ ಸೋದರಮಾವ ಅವಳ ಕೊರಳಿಗೆ ಬಿಳಿ ಖತಕ್ ಶಲ್ಯ ಹಾಕಿ "ಹೋಗಿ ಬಾ" ಅನ್ನಬೇಕು. ಅವನ ಬಾಯಿಂದ ಆ ಮಾತು ಬರದೆ ನಮ್ಮ ಮನೆತನದ ಯಾವ ಹುಡುಗಿಯೂ ಹೊಸ್ತಿಲು ದಾಟಿದ್ದಿಲ್ಲ.

ವಿಮಾನದಿಂದ ಇಳಿದವನನ್ನು ನೇರ ಲೇಹ್‌ನ ನನ್ನ ಮನೆಗೆ ತಂದು ಹಾಸಿಗೆ ತೋರಿಸಿದೆ.

"ಮಲ್ಕೊಳ್ಳೋಕೆ ನಾನೇನು ಬಾಣಂತಿನೇನೇ ಕುಂಜೆಸ್?"

"ಬಾಣಂತಿಗಿಂತ ಕಡೆ ನೀನು. ಮೀನು ತಿಂದೂ ತಿಂದೂ ಈ ಗಾಳಿ ಮರ್ತೇ ಹೋಗಿದೆ ನಿಂಗೆ. ಸುಮ್ನೆ ಬಿದ್ಕೋ ಮಾವ."

"ನೋಡ್ರಪ್ಪಾ! ಯಾಕ್ ದನಗಳ ಹಿಂದೆ ಓಡಿ ಬೆಳೆದೋನಿಗೆ ಇವ್ಳು ಉಸಿರಾಡೋದು ಕಲಿಸ್ತಾಳಂತೆ!"

ತಲೆದಿಂಬಿನ ಪಕ್ಕ ನೀರು ತುಂಬಿಟ್ಟು ಕೆಲಸಕ್ಕೆ ಹೋದೆ. ಎರಡು ದಿನವೂ ಸಂಜೆ ಬಂದು ನೋಡಿದರೆ ಬಾಟಲಿ ಖಾಲಿ, ಮಾವ ಹಾಸಿಗೆಯಲ್ಲಿ. ಪರವಾಗಿಲ್ಲ, ಬುದ್ಧಿ ಬಂದಿದೆ ಅಂದುಕೊಂಡೆ.

ಮದುವೆಯ ಬೆಳಿಗ್ಗೆ ಹೊಸ ನಿಲುವಂಗಿ ತೊಟ್ಟು ನನ್ನ ಪಕ್ಕ ಕೂತ. ಸಕ್ತಿ ಊರು ದಾಟುವವರೆಗೂ ಹಾಡೇ ಹಾಡು. ಏರು ಹೆಚ್ಚಾದಂತೆ ದನಿ ಅಡಗಿತು. ನೆತ್ತಿಗಿಂತ ಸ್ವಲ್ಪ ಕೆಳಗೆ, ಝಿಂಗ್ರಾಲ್ ಹತ್ತಿರ ನಿಲ್ಲಿಸು ಎಂದು ಕೈಸನ್ನೆ ಮಾಡಿ, ಇಳಿದು ವಾಂತಿ ಮಾಡಿಕೊಂಡ. ವಾಪಸು ಬರುವಾಗ ನೆಟ್ಟಗೆ ಹೆಜ್ಜೆ ಇಡಲಾಗಲಿಲ್ಲ. ತುಟಿ ನೀಲಿಗಟ್ಟಿತ್ತು. ಗಾಡಿಯಲ್ಲಿ ಸದಾ ಇಟ್ಟಿರುವ ಸಿಲಿಂಡರ್ ತೆರೆದು ಅವನ ಮೂಗಿಗೆ ಆಮ್ಲಜನಕ ಹಿಡಿದೆ.

"ನಿಜ ಹೇಳು. ಎರಡು ದಿನ ಮಲಗಿದ್ಯಾ?"

"ಎಲ್ಲಿ ಮಲಗೋದೇ... ನೆಂಟರ ಮನೆಗೆಲ್ಲ ಹೋಗಿ ಬಂದೆ. ಹೋದಲ್ಲೆಲ್ಲ ಛಾಂಗ್ ಕೊಟ್ರು. ಬೇಡ ಅಂದ್ರೆ, ಗೋವಾದೋನಾಗ್ಬಿಟ್ಟ, ಊರು ಮರೆತ ಅಂತಾರೆ."

"ನಾನಿಟ್ಟ ನೀರು?"

"ನಿನ್ನ ಏಪ್ರಿಕಾಟ್ ಗಿಡಕ್ಕೆ."

ಅಯ್ಯೋ ದೇವರೇ! ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಮೇಲೆ ಘಟ್ಟದ ನೆತ್ತಿ ಕಾಣುತ್ತಲೇ ಇತ್ತು.

"ಹತ್ಸಮ್ಮ. ಆಮೇಲೆ ಬರೀ ಇಳಿಜಾರೇ ಅಲ್ವಾ? ನಾನಿಲ್ದೆ ಆ ಕೂಸು ಹೊಸ್ತಿಲು ಹೆಂಗೆ ದಾಟುತ್ತೆ?"

"ನಿನ್ನ ಹೆಣ ನೋಡ್ಕೊಂಡು ದಾಟ್ಬೇಕಾ ಅವ್ಳು? ಬೇರೆಯವ್ರಾಗಿದ್ರೆ ಹತ್ತಿಸ್ತಿರ್ಲಿಲ್ಲ, ನಿನ್ನನ್ನೂ ಹತ್ತಿಸಲ್ಲ."

ಗಾಡಿ ತಿರುಗಿಸಿದೆ. ಮಾವ ಮಗುವಿನ ಹಾಗೆ ಅತ್ತ. ನನಗೂ ಅಳು ಬಂತು, ಆದರೆ ತಿರುವಿನ ರಸ್ತೆಯಲ್ಲಿ ಅಳುತ್ತ ಕೂರಲಾಗುತ್ತದೆಯೇ.

ಸಕ್ತಿಯ ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ, ಇಳಿಸಿದ್ದೇ ಒಳ್ಳೆಯದಾಯಿತು ಅಂದರು ಡಾಕ್ಟರು. ನಾನು ಹೊರಗೆ ನಿಂತು ಚೋರೋಲ್‌ಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವಳ ಹಿಂದೆ ನಗಾರಿ ಬಡಿಯುತ್ತಿತ್ತು.

"ಮಾವ ಚೆನ್ನಾಗಿದಾನೆ ತಾನೇ ಅಕ್ಕ?"

"ಬೈಸ್ಕೊಳ್ಳೋ ಅಷ್ಟು ಚೆನ್ನಾಗಿದಾನೆ."

"ಹಾಗಾದ್ರೆ ರಸ್ತೆ ಪಕ್ಕ ಕೂರ್ಸು. ಇಲ್ಲಿ ಯಾರೇನಂದ್ರೂ ಸರಿ, ಹೊಸ್ತಿಲು ನಾನೇ ದಾಟ್ತೀನಿ. ಆದ್ರೆ ಅವ್ನು ಹೋಗಿ ಬಾ ಅನ್ನೋವರ್ಗೂ ಸಕ್ತಿ ಬಿಟ್ಟು ಮುಂದೆ ಹೋಗಲ್ಲ."

ಮಧ್ಯಾಹ್ನ ಕಳೆದ ಮೇಲೆ ಮದುವೆಯ ಗಾಡಿಗಳು ಘಟ್ಟ ಇಳಿದು ಬಂದವು. ಮಾವ ಕಲ್ಲುಗೋಡೆಯ ಮೇಲೆ ಕೂತಿದ್ದ. ತುಟಿಗೆ ಬಣ್ಣ ಮರಳಿತ್ತು, ಮುಖ ಎತ್ತುತ್ತಿರಲಿಲ್ಲ. ಚೋರೋಲ್ ಇಳಿದಳು. ಅವಳ ಕೈಯಲ್ಲಿ ಒಂದು ಬಟ್ಟಲು. ಮನೆಯಲ್ಲಿ ಪಂಕ್ತಿಯ ಮೊದಲ ಜಾಗದಲ್ಲಿ ಅವನಿಗೆಂದು ಇಟ್ಟಿದ್ದ ಬಟ್ಟಲು, ಅಂಚಿಗೆ ಶಾಸ್ತ್ರದ ಬೆಣ್ಣೆ ಹಚ್ಚಿದ್ದು ಹಾಗೇ ಇತ್ತು. ಆ ಜಾಗದಲ್ಲಿ ಯಾರನ್ನೂ ಕೂರಲು ಬಿಟ್ಟಿರಲಿಲ್ಲವಂತೆ.

ಮಾವ ಎದ್ದು ಅವಳ ಕೊರಳಿಗೆ ಖತಕ್ ಹಾಕಿದ. ಛಾಂಗ್ ಇರಬೇಕೆಂದು ಬಟ್ಟಲಿಗೆ ಕೈ ಚಾಚಿದ. ಬಟ್ಟಲು ಬರಿದಾಗಿತ್ತು. ಚೋರೋಲ್ ನನ್ನ ಫ್ಲಾಸ್ಕ್ ಇಸಿದುಕೊಂಡು ಅಂಚಿನವರೆಗೆ ಬೆಚ್ಚಗಿನ ನೀರು ಸುರಿದಳು.

"ಮೊದ್ಲು ಇದು ಕುಡಿ. ಆಮೇಲೆ ಕಳಿಸ್ಕೊಡು."

ದಿಬ್ಬಣದವರೆಲ್ಲ ನೋಡುತ್ತಿದ್ದರು. ಮಾವ ನಿಂತಲ್ಲೇ ಗಟಗಟ ಕುಡಿದ, ಮೀಸೆಗೆ ಬೆಣ್ಣೆ ಮೆತ್ತಿಕೊಂಡಿತು. ಆಮೇಲೆ ಬಟ್ಟಲನ್ನು ಬೋರಲು ಹಿಡಿದು ನನಗೆ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ.

"ಹೋಗಿ ಬಾ ಮಗಳೇ" ಅಂದ.