ಬೂದು ಬಣ್ಣದ ಗುಂಡಿ

ಸರ್ಕಾರದ ಕೆಲಸ ದೇವರ ಕೆಲಸ ಎಂದು ನಮ್ಮ ವಿಧಾನಸೌಧದ ಮೇಲೆ ಬರೆದಿದ್ದಾರೆ. ನಾನು ಜಪಾನಿನಲ್ಲಿ ಕಂಡ ಸರ್ಕಾರದ ಕೆಲಸ ಮಾತ್ರ ಇನ್ನೊಬ್ಬರ ಕೆಲಸ. ಇಲಾಖೆ ಅದನ್ನು ಒಂದು ಸಂಸ್ಥೆಗೆ ಒಪ್ಪಿಸಿತ್ತು. ಸಂಸ್ಥೆ ಒಂದು ದೊಡ್ಡ ಕಂಪನಿಗೆ, ಅದು ಮಧ್ಯಮ ಕಂಪನಿಗೆ, ಅದು ಚಿಕ್ಕದಕ್ಕೆ, ಚಿಕ್ಕದು ಇನ್ನೂ ಚಿಕ್ಕದಕ್ಕೆ. ಪ್ರತಿ ಮೆಟ್ಟಿಲಲ್ಲೂ ಒಬ್ಬರು ತಮ್ಮ ಪಾಲು ತೆಗೆದುಕೊಂಡು ಉಳಿದದ್ದನ್ನು ಕೆಳಕ್ಕೆ ಜಾರಿಸುತ್ತಿದ್ದರು. ಕಟ್ಟಕಡೆಗೆ, ೨೦೨೦ರ ಮೇ ತಿಂಗಳಲ್ಲಿ, ಆ ಕೆಲಸ ಉರಯಾಸುವಿನ ನಮ್ಮ ಮನೆಯ ಊಟದ ಮೇಜಿನ ಮೇಲೆ, ಕುಕ್ಕರಿನ ಪಕ್ಕದಲ್ಲಿ ಬಂದು ಕೂತಿತ್ತು.

ಅದು ಕೊರೋನಾ ಸಹಾಯವಾಣಿ. ಜಪಾನಿ ಬಾರದ ಪರದೇಶದವರು ಪುಕ್ಕಟೆ ನಂಬರಿಗೆ ಫೋನ್ ಮಾಡಿದರೆ ನಾನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಬೇಕು. ನನ್ನಂಥವರು ಇನ್ನಿಬ್ಬರು ಇದ್ದರು. ಒಂದು ಕರೆಗೆ ಹದಿನೈದು ನಿಮಿಷ; ಆಮೇಲೆ ಲೈನು ತಾನಾಗಿಯೇ ಕಡಿದುಹೋಗುತ್ತಿತ್ತು. ಕರೆ ಮಾಡಿದವರ ನಂಬರು ನಮಗೆ ಕಾಣುತ್ತಿರಲಿಲ್ಲ, ಅದರ ಜಾಗದಲ್ಲಿ ಬರೀ ಚುಕ್ಕಿಗಳು. ನಮ್ಮ ನಂಬರನ್ನು ಅವರಿಗೆ ಕೊಡುವಂತಿರಲಿಲ್ಲ. ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ‘ಮರಳಿ ಕರೆ’ ಎಂಬ ಗುಂಡಿಯೇನೋ ಇತ್ತು. ಆದರೆ ಅದು ಬೂದು ಬಣ್ಣದ್ದು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಹೊರಗೆ ಹೋಗುವ ಕರೆ ಒಪ್ಪಂದದಲ್ಲಿ ಸೇರಿಲ್ಲ ಎಂದು ನಮ್ಮ ಮೇಲ್ವಿಚಾರಕ ಒಗಾವಾ-ಸಾನ್ ಮೊದಲ ದಿನವೇ ತಿಳಿಸಿದ್ದರು. ತಿಳಿಸಿದ ಮೇಲೆ ಕ್ಷಮೆಯನ್ನೂ ಕೇಳಿದ್ದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನದಿಂದ ಗುಂಡಿಗೆ ಬಣ್ಣ ಬರುವುದಿಲ್ಲ.

ಒಂದು ಬೆಳಿಗ್ಗೆ ನಾನು “ನಮಸ್ತೆ” ಅನ್ನುವುದರೊಳಗೆ ಆ ಕಡೆಯಿಂದ ಜೋರು ದನಿ ಬಂತು. “ಯಾರಿಗಾದ್ರೂ ಕನ್ನಡ ಬರತ್ತಾ ಅಲ್ಲಿ?”

“ಬರತ್ತೆ, ಹೇಳಿ ಅಮ್ಮಾ.” ನಮ್ಮ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇರದಿದ್ದರೆ ಇರದೇ ಹೋಗಲಿ ಅನ್ನಿಸಿತು.

“ಅಯ್ಯೋ ನನ್ನವ್ವ! ಎಷ್ಟು ದಿನದಿಂದ ಹೊಡೀತಿದೀನಿ ಈ ನಂಬರಿಗೆ! ಯಾರೋ ಎತ್ಕೋತಾರೆ, ಹಿಂದೀಲಿ ಏನೋ ಅಂತಾರೆ, ಇಟ್ಬಿಡ್ತಾರೆ.”

ಅವರ ಹೆಸರು ಜಯಮ್ಮ, ಊರು ತುಮಕೂರು. ಮಗಳು ಪ್ರೇರಣಾ ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಫೆಬ್ರವರಿಯಲ್ಲಿ ಅವಳನ್ನು ನೋಡಿ ಹೋಗಲು ಬಂದ ಜಯಮ್ಮ ವಿಮಾನಗಳು ನಿಂತು ಅಲ್ಲೇ ಉಳಿದಿದ್ದರು. ಈಗ ಮಗಳು ಲ್ಯಾಬಿನಲ್ಲೇ ಜ್ವರದಿಂದ ಕುಸಿದು, ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿದ್ದಳು. ಮನೆಯಲ್ಲಿ ಇದ್ದದ್ದು ಜಯಮ್ಮ, ಒಂದು ತಂತಿ ಫೋನು, ಮತ್ತು ಮಗಳು ಯಾವತ್ತೋ ಫ್ರಿಜ್ಜಿಗೆ ಅಂಟಿಸಿದ್ದ ನಮ್ಮ ಸಹಾಯವಾಣಿಯ ನಂಬರು. ಊರಿಂದ ತಂದ ಮೊಬೈಲು ಫೋಟೋ ನೋಡಲು ಮಾತ್ರ ಬರುತ್ತಿತ್ತು. ಮನೆಯ ಫೋನಿನ ನಂಬರಾಗಲಿ ವಿಳಾಸವಾಗಲಿ ಅವರಿಗೆ ಗೊತ್ತಿರಲಿಲ್ಲ.

“ನನ್ ಮಗಳು ಹೇಗಿದಾಳೆ ಅಂತ ಒಂದು ಮಾತು ಕೇಳಿ ಹೇಳ್ತೀಯಾ? ನಂಗೆ ಬೇರೇನೂ ಬೇಡ,” ಎಂದರು. ಆಮೇಲೆ ಕೆಮ್ಮಿದರು. ಆ ಕೆಮ್ಮು ನನಗೆ ಹಿಡಿಸಲಿಲ್ಲ.

ಸಮಯ ಮುಗಿಯುತ್ತಿದೆ ಎಂದು ಎಚ್ಚರಿಸುವ ಪೀಪಿ ಊದಿತು. ನಾನು ಅವಸರದಲ್ಲಿ, “ಎಲ್ಲೂ ಹೋಗ್ಬೇಡಿ ಅಮ್ಮಾ, ಫೋನ್ ಹತ್ರಾನೇ ಇರಿ. ನಾನೇ ಮಾಡ್ತೀನಿ,” ಎಂದೆ. ಹೇಗೆ ಮಾಡುತ್ತೇನೆ ಎಂದು ಯೋಚಿಸಿರಲಿಲ್ಲ. ಬಾಯಿಗೆ ಬಂತು, ಆಡಿಬಿಟ್ಟೆ. ಲೈನು ಕಡಿಯಿತು.

ಆಮೇಲೆ ನಾನು ಸುಮ್ಮನೇನೂ ಕೂರಲಿಲ್ಲ. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದೆ. ಆ ಹುಡುಗಿ ಯಾರಿಗೂ ಗೊತ್ತಿರಲಿಲ್ಲ. ಆ ಭಾಗದ ಆರೋಗ್ಯ ಕೇಂದ್ರವೊಂದನ್ನು ಹುಡುಕಿ ನನ್ನ ಸ್ವಂತ ಫೋನಿನಿಂದ ಮಾತಾಡಿದೆ. ಹೊರಗಿನವರಿಗೆ ರೋಗಿಯ ಮಾಹಿತಿ ಕೊಡುವಂತಿಲ್ಲ, ಮನೆಯಲ್ಲಿರುವ ತಾಯಿಗೆ ನಾವೇ ದಿನವೂ ಫೋನ್ ಮಾಡುತ್ತಿದ್ದೇವೆ, ಅವರು ತೊಂದರೆಯಿಲ್ಲ ಎನ್ನುತ್ತಿದ್ದಾರೆ ಎಂದು ನಯವಾಗಿ ಹೇಳಿ ಇಟ್ಟರು. ಯಾವ ಭಾಷೆಯಲ್ಲಿ ಎನ್ನುತ್ತಿದ್ದಾರೆ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ. ಮರಳಿ ಕರೆ ಮಾಡಲು ಅನುಮತಿ ಬೇಕೆಂದು ಒಗಾವಾ-ಸಾನ್ ಮೂಲಕ ಮೇಲಕ್ಕೆ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಐದು ಜನ.

ಎಲ್ಲಕ್ಕಿಂತ ಹೆಚ್ಚಾಗಿ, ಜಯಮ್ಮ ಮತ್ತೆ ಫೋನ್ ಮಾಡಲೇ ಇಲ್ಲ. ಅಷ್ಟು ದಿನ ಬಿಡದೆ ಹೊಡೆಯುತ್ತಿದ್ದವರು ನಿಲ್ಲಿಸಿಬಿಟ್ಟಿದ್ದರು. ಉಳಿದಿಬ್ಬರನ್ನೂ ಕೇಳಿದೆ, ಆಮೇಲೆ ಅಂಥ ಕರೆ ಬಂದಿಲ್ಲ ಎಂದರು. ಆ ಕೆಮ್ಮು ಕಿವಿಯಲ್ಲಿ ಕೂತುಬಿಟ್ಟಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ಹೀಗೆ ಮೂರು ದಿನ ಕಳೆದ ಮೇಲೆ ಒಗಾವಾ-ಸಾನ್‌ರಿಂದ ಒಂದು ಮೇಲ್ ಬಂತು. ಸಂಸತ್ತಿನ ಸಮಿತಿಯಲ್ಲಿ ಮರುದಿನ ವಿರೋಧ ಪಕ್ಷದ ಒಬ್ಬ ಸದಸ್ಯೆ ನಮ್ಮ ಸಹಾಯವಾಣಿಯ ಖರ್ಚಿನ ಬಗ್ಗೆ ಪ್ರಶ್ನೆ ಕೇಳುವವರಿದ್ದರು. ಏನು ಕೇಳುತ್ತೇವೆಂದು ಇಲ್ಲಿ ಮೊದಲೇ ಇಲಾಖೆಗೆ ತಿಳಿಸುವ ಪದ್ಧತಿ ಇದೆ. ಅಧಿಕಾರಿಗಳು ಉತ್ತರ ಬರೆದುಕೊಡುತ್ತಾರೆ, ಮಂತ್ರಿ ಓದುತ್ತಾರೆ. ಆದರೆ ಸಹಾಯವಾಣಿಯಲ್ಲಿ ನಡೆಯುವುದೇನೆಂದು ಇಲಾಖೆಗೆ ಗೊತ್ತಿರಲಿಲ್ಲ. ಸಂಸ್ಥೆಯನ್ನು ಕೇಳಿತು. ಸಂಸ್ಥೆ ದೊಡ್ಡ ಕಂಪನಿಯನ್ನು ಕೇಳಿತು. ಹೊರಗಿನವರಿಗೆ ಕೆಲಸ ಯಾಕೆ ಕೊಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬರೆಯುವ ಕೆಲಸವೂ ಅದೇ ಮೆಟ್ಟಿಲುಗಳನ್ನು ಇಳಿದು, ಮಧ್ಯಾಹ್ನದ ಹೊತ್ತಿಗೆ ನನ್ನ ಊಟದ ಮೇಜಿಗೆ ಬಂದಿತ್ತು. ಸಂಜೆಯೊಳಗೆ ದಯವಿಟ್ಟು ಉತ್ತರ ಕಳಿಸಿ ಎಂದಿತ್ತು.

ನನ್ನ ಪಾಲಿಗೆ ಬಂದದ್ದು ಒಂದೇ ಪ್ರಶ್ನೆ: ‘ಮಧ್ಯದಲ್ಲಿ ಕಡಿದುಹೋಗುವ ಕರೆಗಳ ವಿಷಯದಲ್ಲಿ ಏನು ಕ್ರಮ ಕೈಗೊಳ್ಳಲಾಗುತ್ತಿದೆ?’

ಏನೂ ಇಲ್ಲ ಎಂದು ಬರೆದೆ. ಬರೆದು ನೋಡಿದೆ. ಸತ್ಯವೇ. ಆದರೆ ಈ ಸತ್ಯ ಮೇಲೆ ಹೋಗುತ್ತಾ ಹೋಗುತ್ತಾ ಒಬ್ಬೊಬ್ಬರ ಕೈಯಲ್ಲಿ ಸವೆದು, ‘ಸೂಕ್ತ ರೀತಿಯಲ್ಲಿ ಪರಿಶೀಲಿಸಲಾಗುತ್ತಿದೆ’ ಎಂದಾಗುತ್ತದೆ. ಜಯಮ್ಮನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅಳಿಸಿದೆ. ಅದರ ಜಾಗದಲ್ಲಿ, ‘ಕಡಿದುಹೋದ ಪ್ರತಿಯೊಂದು ಕರೆಗೂ ಸಿಬ್ಬಂದಿಯೇ ಅದೇ ದಿನ ಮರಳಿ ಕರೆ ಮಾಡಿ ವಿಚಾರಿಸುತ್ತಾರೆ’ ಎಂದು ಬರೆದೆ.

ಗಂಡ ಧೀರಜ್ ಹಿಂದಿನಿಂದ ಇಣುಕಿದ. ಶಿನಾಗಾವಾದ ಅವನ ಆಫೀಸೂ ಆಗ ಮನೆಯೊಳಗೇ ಇತ್ತು. “ಏನೇ ಇದು? ಪಾರ್ಲಿಮೆಂಟಿಗೇ ಟೋಪಿ ಹಾಕ್ತಿದೀಯಾ? ಜಾಬ್ ಹೋಗತ್ತೆ ನೋಡು.”

“ಹೋದ್ರೆ ಹೋಗ್ಲಿ. ಮಂತ್ರಿ ಒಂದ್ಸಲ ಬಾಯ್ಬಿಟ್ಟು ಹೇಳಿದ್ರೆ ಇವ್ರು ಅದನ್ನ ಮಾಡ್ಲೇಬೇಕಲ್ಲ. ಸುಳ್ಳು ಅಂತ ಆಗೋಕೆ ಬಿಡ್ತಾರಾ?”

ಒಗಾವಾ-ಸಾನ್ ವಿಡಿಯೋದಲ್ಲಿ ಬಂದರು. ನನ್ನ ವಾಕ್ಯವನ್ನು ಓದಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಇಲ್ಲಿನವರು ಹಾಗೆ ಎಳೆದುಕೊಂಡರೆ ಕೆಲಸ ಕೆಟ್ಟಿತೆಂದೇ ಅರ್ಥ. “ಪ್ರಣತಿ-ಸಾನ್, ನಾವು ಹೀಗೆ ಮಾಡುತ್ತಿದ್ದೇವೆಯೇ?” ಎಂದು ಕೇಳಿದರು.

“ಸುಮಿಮಾಸೆನ್, ಒಗಾವಾ-ಸಾನ್,” ಎಂದೆ. ಕ್ಷಮಿಸಿ ಎಂದಷ್ಟೇ.

ಅವರು ಆ ವಾಕ್ಯವನ್ನು ಮತ್ತೊಮ್ಮೆ ಓದಿದರು. ಜಯಮ್ಮನ ವಿಷಯ ಮೇಲಕ್ಕೆ ಬರೆದು ಬರೆದು ಅನುಮತಿ ಕಾಣದವರು ಅವರೇ ಅಲ್ಲವೇ. ಕೊನೆಗೆ, “ಹೇಗೂ ಮೇಲಿನವರು ಪರಿಶೀಲಿಸುತ್ತಾರೆ,” ಎಂದು ಕಳಿಸಿದರು. ಮೇಲಿನವರು, ಕೆಳಗಿನವರು ಪರಿಶೀಲಿಸಿಯೇ ಕಳಿಸಿರುತ್ತಾರೆಂದು ನಂಬಿ ಮುಂದಕ್ಕೆ ಕಳಿಸಿದರು. ಪರಿಶೀಲನೆಗೆಂದೇ ದುಡ್ಡು ಪಡೆಯುವ ಐದು ಜಾಗಗಳನ್ನು ದಾಟಿದರೂ ನನ್ನ ವಾಕ್ಯದ ಒಂದು ಕೂದಲೂ ಕೊಂಕಲಿಲ್ಲ.

ಮರುದಿನ ಸಮಿತಿಯ ನೇರಪ್ರಸಾರ ನೋಡಿದೆವು. ಎಲ್ಲರಿಗೂ ಮಾಸ್ಕು. ಸದಸ್ಯೆ ದೊಡ್ಡದೊಂದು ರಟ್ಟಿನ ಫಲಕ ಎತ್ತಿ ಹಿಡಿದರು. ಅದರಲ್ಲಿ ಒಂದರ ಕೆಳಗೊಂದು ಚೌಕಗಳು, ಹಣ ಇಳಿದ ದಾರಿ. ಎಲ್ಲಕ್ಕಿಂತ ಕೆಳಗಿನ ಚೌಕದಲ್ಲಿ ಹೆಸರಿರಲಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ.

“ಅದು ನೀನೇ ಕಣೇ,” ಎಂದ ಧೀರಜ್.

ಇಷ್ಟೊಂದು ಕೈ ಯಾಕೆ ಬೇಕು ಎಂದು ಸದಸ್ಯೆ ಕೇಳಿದರು. ಪರಿಣತರ ನೆರವು ಅಗತ್ಯ ಎಂದು ಮಂತ್ರಿ ಓದಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆಮೇಲೆ ನನ್ನ ಪ್ರಶ್ನೆ ಬಂತು, ನನ್ನ ಉತ್ತರವೂ ಬಂತು. ಮಂತ್ರಿ ಅದನ್ನು ತಮ್ಮದೇ ಮಾತೆಂಬಂತೆ, ಸ್ವಲ್ಪ ಹೆಮ್ಮೆಯಿಂದಲೇ ಓದಿದರು.

ಸದಸ್ಯೆ ಕೂರಲಿಲ್ಲ. “ಹಾಗಾದರೆ ಇವತ್ತು ಕಡಿದುಹೋದವರಿಗೂ, ಈ ವಾರ ಕಡಿದುಹೋದವರಿಗೂ ಕರೆ ಹೋಗುತ್ತದೆಯೇ?” ಎಂದರು. ಈ ಪ್ರಶ್ನೆಯನ್ನು ಅವರು ಮೊದಲೇ ತಿಳಿಸಿರಲಿಲ್ಲ. ಮಂತ್ರಿ ಹಿಂದಕ್ಕೆ ತಿರುಗಿದರು. ಹಿಂದೆ ಕೂತಿದ್ದ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂತ್ರಿ ಮತ್ತೆ ಮೈಕಿನ ಮುಂದೆ ಬಂದು, “ಹೋಗುತ್ತದೆ,” ಎಂದರು.

ಮೇಲಕ್ಕೆ ಹತ್ತಲಾರದೆ ಕೂತಿದ್ದ ಅನುಮತಿ ಕೆಳಕ್ಕೆ ಇಳಿಯಲು ಒಂದು ಊಟದ ಹೊತ್ತೂ ಹಿಡಿಯಲಿಲ್ಲ. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಪರದೆಯ ಮೂಲೆಯ ಗುಂಡಿ ನೀಲಿಯಾಗಿತ್ತು. ಚುಕ್ಕಿಗಳಿದ್ದ ಕಡೆ ನಂಬರುಗಳಿದ್ದವು. “ದಯವಿಟ್ಟು ಆ ತಾಯಿಯಿಂದ ಶುರುಮಾಡಿ,” ಎಂದು ಒಗಾವಾ-ಸಾನ್ ಬರೆದಿದ್ದರು. “ನಾನು ಆರೋಗ್ಯ ಕೇಂದ್ರಕ್ಕೆ ಇಲಾಖೆಯ ಹೆಸರಿನಲ್ಲಿ ಮಾತಾಡುತ್ತೇನೆ.”

ಒತ್ತಿದೆ. ಮೊದಲ ಗಂಟೆಗೇ ಎತ್ತಿಕೊಂಡರು. “ಹಾಯ್,” ಎಂದಿತು ಒಂದು ಬಡಕಲು ದನಿ, ಜಪಾನಿಯಲ್ಲಿ ‘ಹೌದು’ ಎಂದು.

“ಅಮ್ಮಾ, ನಾನು. ಕನ್ನಡದೋಳು.”

“ಬಂದ್ಯಾ ತಾಯಿ,” ಎಂದರು ಜಯಮ್ಮ. ಉಸಿರು ಎಳೆದೆಳೆದು ಮಾತಾಡುತ್ತಿದ್ದರು. ಜ್ವರವಿತ್ತು, ಎರಡು ದಿನದಿಂದ ಗಂಜಿ ಮಾತ್ರ. ದಿನಕ್ಕೊಂದು ಫೋನು ಬರುತ್ತಿತ್ತಂತೆ. ನಾನೇ ಎಂದು ಎತ್ತಿದರೆ ಯಾರೋ ಜಪಾನಿಯವಳು. ಏನು ಕೇಳಿದರೂ ‘ಹಾಯ್’ ಅಂದುಬಿಡು ಎಂದು ಮಗಳು ಕಲಿಸಿದ್ದಳು, ಹಾಗೇ ಅನ್ನುತ್ತಿದ್ದರು. ಇಷ್ಟನ್ನೂ ಒಗಾವಾ-ಸಾನ್‌ಗೆ ಬರೆಯುತ್ತಾ ಹೋದೆ.

“ಮತ್ತೆ ಯಾಕೆ ಫೋನ್ ಮಾಡ್ಲಿಲ್ಲ ಅಮ್ಮಾ? ಎಷ್ಟು ಹೆದರ್ಕೊಂಡೆ ಗೊತ್ತಾ?”

“ನೀನೇ ಮಾಡ್ತೀನಿ ಅಂದ್ಯಲ್ಲ. ನಾನು ಮಾಡ್ತಾ ಕೂತ್ರೆ ನಿಂಗೆ ಲೈನ್ ಸಿಗ್ಬೇಕಲ್ಲ. ಅದಕ್ಕೇ ಮುಟ್ಲೇ ಇಲ್ಲ. ಇಲ್ಲೇ ಚಾಪೆ ಹಾಸ್ಕೊಂಡು ಮಲಗಿದೀನಿ.”

ಐದು ಮೆಟ್ಟಿಲನ್ನೂ ಮಂತ್ರಿಯನ್ನೂ ಮನಸಾರೆ ಬೈದುಕೊಂಡಿದ್ದೆ. ಈ ಹೆಂಗಸನ್ನು ಫೋನಿನ ಪಕ್ಕ ಕೆಮ್ಮುತ್ತಾ ಮಲಗಿಸಿದ್ದು ನನ್ನ ಒಂದು ಮಾತು.

ಎಚ್ಚರಿಕೆಯ ಪೀಪಿ ಊದಿತು. ಗುಂಡಿಯ ಬಣ್ಣ ಬದಲಾಗಿತ್ತೇ ಹೊರತು ಹದಿನೈದು ನಿಮಿಷದ ನಿಯಮ ಹಾಗೇ ಇತ್ತು. ಅದೇ ಹೊತ್ತಿಗೆ ಒಗಾವಾ-ಸಾನ್‌ರ ಸಂದೇಶ ಬಂತು: ಕೇಂದ್ರದವರು ಈಗಲೇ ವಾಹನ ಕಳಿಸುತ್ತಿದ್ದಾರೆ. ಮಗಳ ಆಕ್ಸಿಜನ್ ತೆಗೆದಿದ್ದಾರೆ, ಎದ್ದು ಕೂತಿದ್ದಾಳೆ, ತಾಯಿಯನ್ನು ಕೇಳುತ್ತಿದ್ದಾಳೆ.

“ಅಮ್ಮಾ, ನಿಮ್ಮ ಮಗಳು...” ಎನ್ನುವುದರೊಳಗೆ ಲೈನು ಕಡಿಯಿತು.

ನೀಲಿ ಗುಂಡಿ ಒತ್ತಿದೆ. ಗಂಟೆ ಪೂರ್ತಿ ಬಡಿಯುವ ಮುಂಚೆಯೇ ಎತ್ತಿಕೊಂಡರು.

“ಹೂಂ, ಹೇಳು,” ಎಂದರು.