ವೆಳ್ಳೈಯಮ್ಮಾಳ ಹಗ್ಗದ ಸ್ಟೂಲು

ವೆಳ್ಳೈಯಮ್ಮಾಳ್ ಬಸ್ಸು ಹತ್ತುವಾಗ ಊರ ನಿಲ್ದಾಣದಲ್ಲಿ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಕಂಕುಳಿನ ಗಿಡ್ಡ ಮರದ ಸ್ಟೂಲನ್ನು ಬಾಗಿಲ ಕೆಳಗಿಟ್ಟು, ಮೆಟ್ಟಿ ಒಳಸೇರಿ, ಸೊಂಟಕ್ಕೆ ಬಿಗಿದ ಹಗ್ಗದಿಂದ ಬಾವಿಯ ಕೊಡದಂತೆ ಅದನ್ನು ಮೇಲೆಳೆದುಕೊಳ್ಳುವಳು. ಹನುಮಂತನಪಟ್ಟಿಯ ದ್ರಾಕ್ಷಿ ಚಪ್ಪರಗಳಡಿ ನಲವತ್ತು ವರ್ಷ ಅದೇ ಸ್ಟೂಲಿನ ಮೇಲೆ ನಿಂತು ಗೊಂಚಲು ಕತ್ತರಿಸಿದವಳು. ಆಳು ನಾಲ್ಕೂವರೆ ಅಡಿ, ಕತ್ತು ಮಾತ್ರ ಇಂದಿಗೂ ಕಾಯಿ ಹುಡುಕುವಂತೆ ಮೇಲಕ್ಕೇ.

ಎಪ್ಪತ್ತಾರರ ಆಕೆಯ ಪ್ರಯಾಣ ಶುಕ್ರವಾರಗಳಂದು, ಕಂಬಂಗೆ. ಅಲ್ಲಿ ಕಣ್ಣು ಕಾಣದ ತಂಗಿ ಓಚ್ಚಮ್ಮಾಳಿಗೆ ಎಣ್ಣೆ ಹಚ್ಚಿ ತಲೆಗೆ ಎರೆಯಬೇಕು. ಬೇರೆ ಯಾರ ಕೈಗೂ ಆ ತಂಗಿ ತಲೆ ಕೊಡಳು.

ಮಳೆನೀರು ನುಗ್ಗದಿರಲೆಂದು ಹೊಸ ನಿಲ್ದಾಣವನ್ನು ಮೊಣಕಾಲೆತ್ತರದ ಕಟ್ಟೆಯ ಮೇಲೆ ಕಟ್ಟಿದರು. ಅದನ್ನೂ ಆಕೆ ಸ್ಟೂಲಿಟ್ಟೇ ಏರಿದಳು. ಒಂದು ಶುಕ್ರವಾರ ಹಿಂತಿರುಗುವಾಗ ಹಗ್ಗದ ಗಂಟು ಸಡಿಲಿ ಸ್ಟೂಲು ಸೀಟಿನಡಿ ಜಾರಿತು. ರಸ್ತೆಯ ಆಚೆ, ಕಟ್ಟೆಯಿಲ್ಲದ ಬದಿಯಲ್ಲಿ ಸ್ಟೂಲಿಲ್ಲದೆ ಇಳಿಯಹೋದ ಅಜ್ಜಿ ಬಿದ್ದು ಮೊಣಕೈ ತರಚಿಕೊಂಡಳು, ಸ್ಟೂಲು ಬಸ್ಸಿನೊಂದಿಗೆ ದಿಂಡಿಗಲ್‌ಗೆ ಹೋಯಿತು.

“ಬಸ್ಸು ಪೋದುಂ, ಸಾಕು. ಇನ್ ಮನೇಲೇ ಇರವ್ವಾ,” ಎಂದಳು ಮಗಳು ತೇನ್‌ಮೊಳಿ.

“ನಿನ್ ಚಿತ್ತಿ, ನನ್ ತಂಗಿ ತಲೇಲಿ ಹೇನು ಬಿದ್ರೆ ನೀ ಆರಿಸ್ತೀಯಾ?”

ಮುಂದಿನ ಶುಕ್ರವಾರ ಬರಿಗೈಲಿ ಬಂದು ಕಟ್ಟೆಯ ಕೆಳಗೆ ನಿಂತಾಗ ಕಂಡಿತು: ನಿಂತವಳು ತಾನೊಬ್ಬಳೇ ಅಲ್ಲ. ಕೂಸೆತ್ತಿಕೊಂಡ ಯುವಶ್ರೀ, ಮಂಡಿನೋವಿನ ಕಾಳಿಮುತ್ತು, ಎಲ್ಲರೂ ಅಷ್ಟು ದಿನ ಆಕೆಯ ಸ್ಟೂಲನ್ನೇ ಮೆಟ್ಟಿ ಏರಿದ್ದರು.

“ಸಿಂಹಾಸನ ಎಲ್ಲಕ್ಕಾ?” ಕಾಳಿಮುತ್ತು ಕೆಣಕಿದ.

“ಊರು ನೋಡೋಕ್ ಪೋಗೈತೆ. ನೀ ಬಾ, ನಾಮು ಪಂಚಾಯತ್ ನೋಡೋಣ.”

ಪಂಚಾಯತ್ ಕಳಿಸಿದ ಇಂಜಿನಿಯರ್ ರಾಮ್‌ಕುಮಾರ್ ಬಂದು ಎರಡು ಮೆಟ್ಟಿಲು ಹಾಕಿಸುವೆನೆಂದ. ಅಜ್ಜಿ ಅವನ ಒಂದು ಕೈಗೆ ಯುವಶ್ರೀಯ ಕೂಸನ್ನೂ ಇನ್ನೊಂದಕ್ಕೆ ದ್ರಾಕ್ಷಿ ಬುಟ್ಟಿಯನ್ನೂ ಕೊಟ್ಟು, “ಈಗ ಏರು ತಂಬಿ,” ಎಂದಳು. ಅವನು ಕಾಲೆತ್ತಿ, ತೂಗಾಡಿ, ಕಾಲಿಳಿಸಿದ.

“ತೋಟದಾಗೆ ಬಂಡಿ ಏರೋಕೆ ಬದುವಿಗೆ ಮಣ್ ಇಳಿಜಾರಾಗ್ ಹಾಕ್ತೀವಲ್ಲ, ಹಂಗ್ ಮಾಡು.”

ಎರಡು ತಿಂಗಳಲ್ಲಿ ಇಳಿಜಾರು ಬಂತು, ಹಿಡಿಯಲು ಕಂಬಿ ಬಂತು. ಕಟ್ಟೆಗೆ ಒತ್ತಿ ನಿಲ್ಲಿಸಿದ ಬಸ್ಸಿನ ಮೆಟ್ಟಿಲು ಕಟ್ಟೆಯ ಮಟ್ಟಕ್ಕೇ ಇತ್ತು. ಅಜ್ಜಿ ಹೊಸ್ತಿಲು ದಾಟುವಂತೆ ಒಳಹೋದಳು. ಅಭ್ಯಾಸಬಲದಿಂದ ಸೊಂಟದ ಹಗ್ಗಕ್ಕೆ ಕೈ ಹಾಕಿ, ಎಳೆಯಲು ಏನೂ ಇಲ್ಲದೆ, “ಇಷ್ಟೇನಾ?” ಎಂದು ನಕ್ಕಳು. ರಸ್ತೆಬದಿಯ ತೇನ್‌ಮೊಳಿ ಹಿಡಿದಿದ್ದ ಉಸಿರು ಬಿಟ್ಟಳು.

ಕಂಡಕ್ಟರ್ ಪೆರುಮಾಳ್ ಸ್ಟೂಲನ್ನು ಎಂದೋ ಮರಳಿಸಿದ್ದ. ಈಗ ಅದು ಕಂಬಂನ ಹಿತ್ತಿಲಲ್ಲಿದೆ. ಓಚ್ಚಮ್ಮಾಳ್ ಅದರ ಮೇಲೆ ಕೂತು ಅಕ್ಕನಿಗೆ ತಲೆ ಒಡ್ಡುತ್ತಾಳೆ.

ಎತ್ತರವನ್ನು ಸರಿಯಾಗಿ ಅಳೆಯಬಲ್ಲವರು ಗಿಡ್ಡ ಮನುಷ್ಯರೇ. ಅವರ ಕಾಲಿಗೆ ಎಟುಕುವಂತೆ ಕಟ್ಟಿದ ಊರು, ಇನ್ನೂ ನಡಿಗೆ ಕಲಿಯದ ಕೂಸಿಗೂ ಎಟುಕುತ್ತದೆ.